ನೀಲಿ ಹಚ್ಚಿದ ನಕಾಶಿ

ಅಪ್ಪ ಸರಪಳಿ ಹಿಡಿಯಾಂವ.
ಸರ್ವೇ ಸಾಹೇಬರ ಹಿಂದ ಮುಳುಗೋ ಹೊಲ ಅಳದು ಅಳದು
ಸಂಜಿಗೆ ನವನಗರದ ಶೆಡ್ಡಿಗೆ ಬರಾಂವ,
ಬಗಲಾಗ ರದ್ದಿ ನಕಾಶಿಯ ಸುರುಳಿ,
ರೊಟ್ಟಿ ಬುಟ್ಟಿಗೆ ಹಾಸಾಕ.

ಒಂದು ಸುರುಳಿ ನಾವು ಕದ್ದಿವಿ, ನಾನು, ಬಂದೇನವಾಜ.
ಕಬ್ಬಿಣ ಟ್ರಂಕಿನ ಮ್ಯಾಲ ಹರವಿದಿವಿ.
ಹಾವಿನ್ಹಂಗ ಸುತ್ತಿಕೊಂಡ ಗೆರಿ, ಗೆರಿಗೊಂದು ನಂಬರ.
ಸರಕಾರದ ನೀರು ಐನೂರಾ ಹತ್ತೊಂಬತ್ತಕ್ಕ ನಿಲ್ಲೂದಿತ್ತು.
"ನಾವು ಐನೂರಾ ಅರವತ್ತಕ್ಕ ನಿಲ್ಲಸೂಣು" ಅಂದ ಆಂವ.
ಅವ್ವ ಧೋತರಕ್ಕ ಹಾಕೋ ನೀಲಿ ಕಲಿಸಿ
ಬೆರಳಲೆ ಸವರಿದಿವಿ.
ಊರು ಹೋದವು, ಎಣಿಸಲಿಲ್ಲ.
ಉಳದದ್ದು ಹನ್ನೊಂದು ಗುಡ್ಡದ ನೆತ್ತಿ,
ಹನ್ನೊಂದು ನಡುಗಡ್ಡಿ.

ದೊಡ್ಡದು ನನಗ. ಹೆಸರು ಕೂಗಲಮಡ್ಡಿ.
ಅಲ್ಲಿ ಮಂದಿಗೆ ಮಾತಂದ್ರ ಒದರೂದು.
ಕೂಸು ಹುಟ್ಟಿದ ಕೂಡಲೆ ಕಡಲಿಗೆ ಮುಖ ಮಾಡಿ ಹಿಡೀತಾರ,
ಅತ್ತ ದನಿ ಎಷ್ಟು ತೆರಿ ದಾಟತೈತಿ
ಅಷ್ಟು ನೀರು ಅದರ ಪಾಲು.
ಗುಟ್ಟು ಅನ್ನೂ ಶಬ್ದ ಅವರ ಭಾಷಾದಾಗಿಲ್ಲ.
ಕಳ್ಳರಿಲ್ಲ. ಲಗ್ನದ ಮಾತುಕತಿ
ಎರಡು ದಂಡಿಗೆ ನಿಂತು, ಊರೆಲ್ಲಾ ಕೇಳಂಗ.
ಸತ್ತವರ ಹೆಸರು ಮಾತ್ರ ಪಿಸುಗುಡತಾರ,
ವರ್ಷಕ್ಕೊಮ್ಮೆ, ಗಡಿಗಿಯೊಳಗ ಬಾಯಿಟ್ಟು.

ಅವಂದು ಗಪ್ಪಗಡ್ಡಿ.
ಅಲ್ಲಿ ಕೆಮ್ಮಿದವಗ ದಂಡ.
ಕಂದೀಲಿನ ಕಣ್ಣು ಮುಚ್ಚಿ ತೆಗದು ಮಾತಾಡತಾರ:
ಎರಡು ಸಲ ಮಿಣಿಕಿದ್ರ ಬಾ,
ಮೂರು ಸಲ ಮಿಣಿಕಿದ್ರ ನಿನ್ನ ಎಮ್ಮಿ ನಮ್ಮ ಹೊಲದಾಗ ಐತಿ.
ಬೈಯಾಕ ದೀಪ ಆರಿಸಿ ಬೆನ್ನು ತೋರಸತಾರ.
ಹಗಲಾಗ ಅವರು ಮೂಕರು, ಅದಕ್ಕ
ಅವರ ಕೋರ್ಟು, ಕಚೇರಿ, ಸಾಲಿ ಎಲ್ಲಾ ರಾತ್ರಿ.
"ಎಣ್ಣಿ ಎಲ್ಲಿಂದ?" ಅಂದೆ.
"ಮೀನಿಂದ" ಅಂದ, ತಡಾ ಮಾಡದ.

ಮೀನಿಂದನ ಜಗಳ ಸುರುವಾತು.
ನಮ್ಮವರ ಒದರಾಟಕ್ಕ ಅರ್ಧ ಮೀನು ಆ ಕಡೆ ಓಡಿದ್ವು,
ಉಳದವು ಅವರ ಬೆಳಕಿಗೆ ಹೋದ್ವು.
"ಬಾಯಾಗ ಬೂದಿ ತುಂಬಿದವರು" ಅಂದಿವಿ ನಾವು.
ಅವರು ದೀಪ ಆರಿಸಿದ್ರು.
ಏಳು ವರ್ಷದ ಯುದ್ಧ, ಒಂದು ಬ್ಯಾಸಗಿ ಸೂಟಿಯೊಳಗ.
ನಾಣ್ಯ ಬರದಿವಿ, ಧ್ವಜ ಹೊಲದಿವಿ,
ಸತ್ತ ರಾಜರಿಗೆಲ್ಲಾ ಅಡ್ಡಹೆಸರಿಟ್ಟಿವಿ,
ಮೂರು ದಿನ ಮಾತು ಬಿಟ್ಟಿವಿ, ಖರೇನ.

ನಾಕನೇ ದಿನ ಅಪ್ಪಗ ನಕಾಶಿ ಸಿಕ್ಕಿತು.
ಬಡೀತಾನ ಅಂತ ಬಾಗಲಾ ಹಿಡದು ನಿಂತಿದ್ದೆ.
ಆಂವ ಕುಂತು, ಕಣ್ಣು ಕಿರಿದು ಮಾಡಿ, ಭಾಳೊತ್ತು ನೋಡಿದ.
ನಮ್ಮ ದೇವರು ನೋಡಿದ, ದಂಡು ನೋಡಿದ, ಬಂದರ ನೋಡಿದ.
"ಶಾವಂತ್ರಿ," ಅಂದ, "ಇವರು ಕುಡ್ಯಾಕ ಏನು ಕುಡೀತಾರ?"

ನಾವಿಬ್ಬರೂ ಗಪ್ಪ್.

ಊರೂರು ಬಾವಿ ಎಣಿಸಿ ಬರಕೊಂಡ ಮನಶ್ಯಾ,
ಯಾವುದು ಸೀ, ಯಾವುದು ಸವಳು, ಬಾಯಿಪಾಠ.
ಕಿವಿಗೆ ಸಿಗಿಸಿದ ಕೆಂಪು ಪೆನ್ಸಿಲ್ ತೆಗದು
ಯಾರಿಗೂ ಬ್ಯಾಡಾಗಿದ್ದ ಉಗುರಿನಷ್ಟು ಗಡ್ಡಿಯ ಮ್ಯಾಲ
ಒಂದು ಚುಕ್ಕಿ ಇಟ್ಟ.
"ಇಲ್ಲೊಂದು ಸೀನೀರ ಬಾವಿ. ಹಗ್ಗ ಒಂದ."
ಕೈ ತೊಳಕೊಂಡು ಊಟಕ್ಕ ಕುಂತ.

ಆಮ್ಯಾಲ ನಮ್ಮ ಆಟ ಕೆಟ್ಟು ಹೋತು,
ಇಲ್ಲಾ, ಬ್ಯಾರೆ ಆತು.
ಬಾವಿ ಕಟ್ಟಿಮ್ಯಾಲ ನಮ್ಮವರು ಒದರಿದ್ರ
ಅವರ ಹೆಂಗಸರು ಕಿವಿ ಮುಚ್ಚಾಕ ಹೋಗಿ ಕೊಡ ಚೆಲ್ಲತಿದ್ರು.
ಹಗಲಾಗ ಅವರ ಕಂದೀಲು ನಮ್ಮವರಿಗೆ ಕಾಣತಿರಲಿಲ್ಲ.
ಪಾಳಿ ಯಾರದಂತ ತಿಳಿಸಾಕ
ಕೊಡಕ್ಕ ಉಂಗುರ ಬಡಿಯೂದು ಸುರು ಮಾಡಿದ್ರು.
ಅದಕ್ಕ ವ್ಯಾಕರಣ ಬರೀಬೇಕಂತ ಕುಂತಿವಿ,
ಸಾಲಿ ತೆರೀತು. ನಕಾಶಿ ಬುಟ್ಟಿಗೆ ಹೋತು,
ತಿಂಗಳತನ ರೊಟ್ಟಿಗೆ ನೀಲಿ ಕಲೆ.

ಈಗ ಬಂದೇನವಾಜ ನಗರಸಭೆಯ ವಾಲ್ವ್‌ಮನ್.
ನಮ್ಮ ಸೆಕ್ಟರಿಗೆ ನೀರು ಬಿಡೂದು ರಾತ್ರಿ ಎರಡಕ್ಕ.
ಫೋನು ಮಾಡಂಗಿಲ್ಲ.
ರಸ್ತಾದಾಗ ನಿಂತು ನನ್ನ ಕಿಡಕಿಗೆ ಬ್ಯಾಟರಿ
ಎರಡು ಸಲ ಮಿಣಿಕಸತಾನ.
ನಾ ಮಾಳಿಗಿ ಏರಿ, ಇಡೀ ಓಣಿ ಬೈಕೊಳ್ಳಂಗ
"ಓ" ಅಂತೀನಿ.

ಮೂರು ಸಲ ಮಿಣಿಕಿಸಿದ್ದು ಒಮ್ಮೆ ಮಾತ್ರ.
ನಮ್ಮ ಮನ್ಯಾಗ ಎಮ್ಮಿ ಇಲ್ಲ.
ಇಳದು ಹೋದ್ರ ಪೈಪು ಒಡದು ಓಣಿ ತುಂಬ ನೀರು,
ಮ್ಯಾಲ ಕಾಣೂದು ಬರೇ ಮನಿಮನಿ ಕಟ್ಟಿ.
ಆಂವ ಮೊಳಕಾಲ ಮಟ ನಿಂತು, ಎಣಿಸಾಕ ಹತ್ತಿದ್ದ.